ಹಾರ್ಟ್ ಫೇಲ್ ಆದ ಮಾವ ಏಳು ವರ್ಷ ಬದುಕಿದ್ದರು

ಇವತ್ತು ರಾಜಕೀಯ ಬೇಡ. ಬೆಳಗ್ಗೆಯಿಂದ ಅದನ್ನೇ ನೋಡಿದ್ದೀರಿ. ಹತ್ತು ನಿಮಿಷ ನಾವು ಅತ್ತ ನೋಡದಿದ್ದರೆ ಅದೇನೂ ಊರು ಬಿಟ್ಟು ಹೋಗುವುದಿಲ್ಲ. ಇವತ್ತು ನಿಮ್ಮ ಮುಂದೆ ಒಂದು ಪದದ ಜಗಳ ಇಡುತ್ತೇನೆ. ಜಗಳ ಶುರುವಾಗಿದ್ದು ನಮ್ಮ ಚಾನೆಲ್‌ನಿಂದಲೇ.

ಸ್ವಲ್ಪ ದಿನದ ಹಿಂದೆ ನಿವೃತ್ತ ವೈದ್ಯರೊಬ್ಬರು ನನಗೆ ಪತ್ರ ಬರೆದರು. ಈ ಕಾಲದಲ್ಲೂ ಇಂಕ್ ಪೆನ್ನಿನಲ್ಲಿ ಬರೆದ ಪತ್ರ. ಡಾಕ್ಟರ ಕೈಬರಹ, ಓದೋದಕ್ಕೆ ನಮ್ಮ ಡೆಸ್ಕ್‌ನಲ್ಲಿ ಮೂರು ಜನ ಬೇಕಾಯಿತು. ಅವರು ಕೇಳಿದ್ದು ಇಷ್ಟು: ನಿಮ್ಮ ಚಾನೆಲ್‌ನಲ್ಲಿ ಸತ್ತವರೆಲ್ಲ ಹೃದಯಾಘಾತದಿಂದಲೇ ಸಾಯುತ್ತಾರಲ್ಲ, ಬೇರೆ ಕಾಯಿಲೆಗಳೆಲ್ಲ ರಜೆ ಹಾಕಿವೆಯಾ? ನಲವತ್ತು ವರ್ಷ ರೋಗಿ ನೋಡಿದ ನನಗೆ ಇಸಿಜಿ ಇಲ್ಲದೆ, ರಕ್ತ ಪರೀಕ್ಷೆ ಇಲ್ಲದೆ ಹೇಳಲಾಗದ ಕಾರಣವನ್ನು ನಿಮ್ಮ ವರದಿಗಾರ ಆಸ್ಪತ್ರೆ ಗೇಟಿನ ಹೊರಗೆ ನಿಂತು ಹದಿನೈದು ನಿಮಿಷದಲ್ಲಿ ಹೇಗೆ ಹೇಳುತ್ತಾನೆ?

ನಾನು ಈ ಪತ್ರವನ್ನು ಇದೇ ಜಾಗದಲ್ಲಿ ಓದಿ ಹೇಳಿದೆ. ಅವರು ಹೇಳಿದ್ದು ಸರಿ ಅಂತಲೂ ಅಂದೆ. ಅಂದಿದ್ದೇ ತಡ, ಇನ್ನೊಂದು ಪತ್ರ ಬಂತು, ಕನ್ನಡ ಮೇಷ್ಟರೊಬ್ಬರದು. ಅವರೂ ನಿವೃತ್ತರೇ. ಅವರ ವಾದ: ಭಾಷೆ ಡಾಕ್ಟರ ಆಸ್ತಿಯಲ್ಲ ಸ್ವಾಮಿ. ಜನ ಯಾವ ಅರ್ಥದಲ್ಲಿ ಆಡುತ್ತಾರೋ ಅದೇ ಪದದ ಅರ್ಥ. ಡಾಕ್ಟರಿಗೆ ಅವರದೇ ಅರ್ಥ ಬೇಕಿದ್ದರೆ ಅವರ ಕ್ಲಿನಿಕ್‌ನಲ್ಲಿ ಇಟ್ಟುಕೊಳ್ಳಲಿ, ನಮ್ಮ ಬಾಯಿಗೆ ಬೀಗ ಹಾಕೋದು ಬೇಡ.

ನಾನು ಎರಡೂ ಪತ್ರ ಮುಂದಿಟ್ಟುಕೊಂಡು ಕೂತೆ. ಸತ್ಯ ಹೇಳ್ತೀನಿ, ಮೊದಲಿಗೆ ನನಗೆ ಮೇಷ್ಟರ ಮಾತೇ ಹಿತವಾಯಿತು. ಯಾಕೆ ಅಂದರೆ ಅವರ ಕೈಯಲ್ಲಿ ಒಳ್ಳೆಯ ಉದಾಹರಣೆಗಳಿದ್ದವು.

‘ನಮ್ಮ ಅತ್ತೆಗೆ ಬಿ.ಪಿ. ಇದೆ’ ಅಂತೀವಿ. ಶಾಸ್ತ್ರ ನೋಡಿದರೆ ತಪ್ಪು. ಬಿ.ಪಿ. ಅಂದರೆ ರಕ್ತದೊತ್ತಡ, ಅದು ಉಸಿರಾಡುವ ಎಲ್ಲರಿಗೂ ಇರುತ್ತದೆ. ಇಲ್ಲ ಅಂದರೆ ಆಂಬುಲೆನ್ಸ್ ಕರೆಯಬೇಕು. ‘ಶುಗರ್ ಬಂದಿದೆ’ ಅಂತೀವಿ. ರಕ್ತದಲ್ಲಿ ಸಕ್ಕರೆ ಯಾರಿಗೆ ಇಲ್ಲ? ಆದರೆ ನೋಡಿ, ಈ ತಪ್ಪು ಮಾತನ್ನು ತಿದ್ದುವ ಡಾಕ್ಟರನ್ನು ನಾನಂತೂ ನೋಡಿಲ್ಲ. ಅವರೇ ಕೇಳುತ್ತಾರೆ: ‘ಏನಮ್ಮಾ, ಶುಗರ್ ಇದೆಯಾ? ಎಷ್ಟು ವರ್ಷದಿಂದ?’ ಕೇಳಿದವರಿಗೂ ಗೊತ್ತು, ಹೇಳಿದವರಿಗೂ ಗೊತ್ತು. ಮಾತ್ರೆಯೂ ಸರಿಯಾದದ್ದೇ ಬರುತ್ತದೆ. ಇಲ್ಲಿ ಯಾರ ಗಂಟೂ ಹೋಗಿಲ್ಲ.

ಮೇಷ್ಟರು ಇನ್ನೂ ಒಂದು ಹೇಳಿದ್ದರು, ಅದನ್ನು ಓದಿ ನಕ್ಕುಬಿಟ್ಟೆ. ಶಾಲೆಯ ಭೌತಶಾಸ್ತ್ರದ ಪ್ರಕಾರ ತಲೆ ಮೇಲೆ ಮೂಟೆ ಹೊತ್ತು ಸಮತಟ್ಟಾದ ದಾರಿಯಲ್ಲಿ ನಡೆಯುವ ಹಮಾಲಿ ಗುರುತ್ವಬಲದ ವಿರುದ್ಧ ಮಾಡುವ ಕೆಲಸ ಸೊನ್ನೆ. ಇದನ್ನು ಯಶವಂತಪುರದ ಎಪಿಎಂಸಿ ಯಾರ್ಡ್‌ಗೆ ಹೋಗಿ ಹೇಳಿ ನೋಡೋಣ! ‘ಕೆಲಸ’ ಅನ್ನೋ ಪದ ವಿಜ್ಞಾನಿಗಳದಲ್ಲ, ನಮ್ಮದು. ಅವರು ನಮ್ಮಿಂದ ಸಾಲ ತಗೊಂಡು ತಮ್ಮ ಲೆಕ್ಕಕ್ಕೆ ಬೇಕಾದ ಹಾಗೆ ಕತ್ತರಿಸಿಕೊಂಡರು. ಸಾಲ ತಗೊಂಡವರು ಸಾಲ ಕೊಟ್ಟವರಿಗೇ ‘ನೀನು ಅದನ್ನು ತಪ್ಪಾಗಿ ಬಳಸ್ತಿದ್ದೀಯ’ ಅಂದರೆ? ಮೇಷ್ಟರ ಸಿಟ್ಟು ನ್ಯಾಯವಾದದ್ದೇ. ಶಕ್ತಿ, ಬಲ, ಒತ್ತಡ, ಈ ಪದಗಳೆಲ್ಲ ಹೀಗೆ ನಮ್ಮ ಮನೆಯಿಂದ ಪ್ರಯೋಗಾಲಯಕ್ಕೆ ಹೋದವು. ಅವುಗಳ ಬಗ್ಗೆ ಜನಸಾಮಾನ್ಯರ ಕಿವಿ ಹಿಂಡುವ ಹಕ್ಕು ಯಾರಿಗೂ ಇಲ್ಲ.

ಇಲ್ಲಿಗೆ ಬಂದಾಗ ನನಗೆ ನಮ್ಮ ಸೋದರಮಾವನ ನೆನಪಾಯಿತು. ಆಮೇಲೆ ಮೇಷ್ಟರ ಪರವಾಗಿ ನಿಲ್ಲುವುದು ಕಷ್ಟವಾಯಿತು.

ಮಾವ ಅರಸೀಕೆರೆ ಕಡೆಯವರು. ತೆಂಗಿನ ತೋಟ, ಗಟ್ಟಿ ದನಿ, ಊಟಕ್ಕೆ ಉಪ್ಪಿನಕಾಯಿ ಇಲ್ಲದಿದ್ದರೆ ತಟ್ಟೆ ತಳ್ಳುವ ಮನುಷ್ಯ. ಒಂದು ದಿನ ಉಸಿರು ಕಟ್ಟುತ್ತದೆ, ಕಾಲು ಊದಿದೆ ಅಂತ ಮಗ ಬೆಂಗಳೂರಿಗೆ ಕರೆತಂದ. ಪರೀಕ್ಷೆ ಎಲ್ಲ ಆದ ಮೇಲೆ ಡಾಕ್ಟರು ‘ಹಾರ್ಟ್ ಫೇಲ್ಯೂರ್’ ಅಂದರು. ಆಸ್ಪತ್ರೆಯ ಕಾರಿಡಾರ್, ಗಲಾಟೆ, ಹುಡುಗನಿಗೆ ಕೈಕಾಲು ನಡುಕ. ಊರಿಗೆ ಫೋನ್ ಮಾಡಿ ‘ಅಪ್ಪಂಗೆ ಹಾರ್ಟ್ ಫೇಲ್ ಆಗಿದೆಯಂತೆ ಕಣಮ್ಮಾ’ ಅಂದುಬಿಟ್ಟ. ಫೋನ್ ಕಟ್ ಆಯಿತು.

ನಮ್ಮ ಹಳ್ಳಿಗಳಲ್ಲಿ ‘ಹಾರ್ಟ್ ಫೇಲ್ ಆಯ್ತು’ ಅಂದರೆ ಒಂದೇ ಅರ್ಥ. ಅತ್ತೆ ಕುಸಿದರು. ಅರ್ಧ ಗಂಟೆಯಲ್ಲಿ ಊರೆಲ್ಲ ಅಂಗಳದಲ್ಲಿ. ಸಂಜೆಯೊಳಗೆ ನೆಂಟರಿಗೆ ಸುದ್ದಿ ಹೋಯಿತು, ಶಾಮಿಯಾನದವನು ಕಂಬ ನೆಟ್ಟ. ರಾತ್ರಿ ಮತ್ತೆ ಫೋನ್ ಸಿಕ್ಕಾಗ ‘ಬಾಡಿ ಯಾವಾಗ ತರ್ತೀರಿ’ ಅಂತ ಚಿಕ್ಕಪ್ಪ ಕೇಳಿದರೆ, ಈ ಹುಡುಗ ‘ಯಾರ ಬಾಡಿ? ಅಪ್ಪ ಇಡ್ಲಿ ತಿಂತಾ ಇದ್ದಾರೆ’ ಅಂದ.

ನಾಲ್ಕನೇ ದಿನ ಮಾವ ತಮ್ಮ ಕಾಲಲ್ಲೇ ನಡೆದು ಮನೆಗೆ ಬಂದರು. ಅಂಗಳದಲ್ಲಿ ಕಂಬದ ಗುಂಡಿಗಳು ಹಾಗೇ ಇದ್ದವು. ಅದನ್ನು ನೋಡಿ ಅವರು ನಕ್ಕರು, ಅತ್ತೆ ನಗಲಿಲ್ಲ. ಉಪ್ಪು ಕಡಿಮೆ, ಮಾತ್ರೆ ತಪ್ಪಿಸದೆ, ಮಾವ ಏಳು ವರ್ಷ ಬದುಕಿದರು. ಏಳು ವರ್ಷವೂ ಉಪ್ಪಿನಕಾಯಿಗೆ ಜಗಳ ಆಡಿದರು. ಅತ್ತೆಗೆ ಮಾತ್ರ ಆ ಒಂದು ಸಂಜೆ ಕೊನೆಯವರೆಗೂ ಮರೆಯಲಿಲ್ಲ. ‘ನಾನು ಒಂದು ಸಲ ವಿಧವೆಯಾಗಿ ವಾಪಸ್ ಬಂದವಳು’ ಅನ್ನುತ್ತಿದ್ದರು.

ಈಗ ಆ ಮೂರು ಪದ ಬಿಡಿಸಿ ಹೇಳುತ್ತೇನೆ. ಡಾಕ್ಟರು ಹೇಳಿಕೊಟ್ಟಿದ್ದನ್ನು ನನ್ನ ಭಾಷೆಯಲ್ಲಿ ಹೇಳ್ತೀನಿ. ಹೊಲದಲ್ಲಿ ಹಳೇ ಡೀಸೆಲ್ ಪಂಪ್‌ಸೆಟ್ ಇದೆ ಅಂತ ಇಟ್ಟುಕೊಳ್ಳಿ. ಎಂಜಿನ್‌ಗೆ ಡೀಸೆಲ್ ತರುವ ಸಣ್ಣ ಪೈಪ್ ಕಟ್ಟಿಕೊಂಡಿತು. ಅದು ಹೃದಯಾಘಾತ, ಹಾರ್ಟ್ ಅಟ್ಯಾಕ್. ಹೃದಯಕ್ಕೇ ರಕ್ತ ಕೊಡುವ ನಾಳ ಮುಚ್ಚಿ ಸ್ನಾಯು ಸಾಯಲು ಶುರುವಾಗುತ್ತದೆ. ರೋಗಿಗೆ ಸಾಮಾನ್ಯವಾಗಿ ಎಚ್ಚರ ಇರುತ್ತದೆ. ಎದೆ ಹಿಂಡುತ್ತದೆ, ಬೆವರುತ್ತಾನೆ, ಮಾತಾಡುತ್ತಾನೆ. ಎಂಜಿನ್ನೇ ಗಕ್ಕನೆ ನಿಂತುಹೋಯಿತು. ಅದು ಹೃದಯ ಸ್ತಂಭನ, ಕಾರ್ಡಿಯಾಕ್ ಅರೆಸ್ಟ್. ಹೃದಯದೊಳಗಿನ ವಿದ್ಯುತ್ ಲಯ ತಪ್ಪಿ ಬಡಿತ ನಿಲ್ಲುತ್ತದೆ, ಮನುಷ್ಯ ನಿಂತಲ್ಲೇ ಬೀಳುತ್ತಾನೆ, ಕರೆದರೆ ಓಗೊಡುವುದಿಲ್ಲ. ಇನ್ನು ಎಂಜಿನ್ ಓಡುತ್ತಿದೆ, ಆದರೆ ಹಳೆಯದಾಗಿ ನೀರು ಸಣ್ಣಗೆ ಎತ್ತುತ್ತಿದೆ. ಅದು ಹೃದಯ ವೈಫಲ್ಯ, ಹಾರ್ಟ್ ಫೇಲ್ಯೂರ್, ನಮ್ಮ ಮಾವನದು. ಮೊದಲನೆಯದು ಎರಡನೆಯದಕ್ಕೆ ಕಾರಣ ಆಗಬಹುದು. ಆದರೆ ಮೂರೂ ಒಂದೇ ಅಲ್ಲ.

‘ಹೆಸರು ಏನಾದರೇನು, ಆಸ್ಪತ್ರೆಗೆ ಹೋದರಾಯಿತು’ ಅಂತೀರಾ? ಇಲ್ಲೇ ಇರುವುದು ಸಮಸ್ಯೆ. ಬಡಿತ ನಿಂತು ಬಿದ್ದವನನ್ನು ಕಾರಿಗೆ ಹಾಕಿಕೊಂಡು ಆಸ್ಪತ್ರೆಗೆ ಓಡಿದರೆ ದಾರಿಯಲ್ಲೇ ಮುಗಿಯುತ್ತದೆ. ಎದೆ ಒತ್ತದೆ, ಶಾಕ್ ಕೊಡದೆ ಕಳೆದ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇಕಡ 7ರಿಂದ 10ರಷ್ಟು ಇಳಿಯುತ್ತದೆ. ಅವನಿಗೆ ಬೇಕಾಗಿರುವುದು ಪಕ್ಕದಲ್ಲಿರುವ ನೀವು: ಎದೆಯ ಮಧ್ಯಕ್ಕೆ ಎರಡೂ ಕೈ ಇಟ್ಟು ನಿಮಿಷಕ್ಕೆ 100ರಿಂದ 120 ಬಾರಿ, ಸುಮಾರು 5 ಸೆಂಟಿಮೀಟರ್ ಆಳಕ್ಕೆ ಒತ್ತಬೇಕು, ಇನ್ನೊಬ್ಬರು 108ಕ್ಕೆ ಫೋನ್ ಮಾಡಬೇಕು. ವಿಮಾನ ನಿಲ್ದಾಣದ ಗೋಡೆಯಲ್ಲಿ ಎಇಡಿ ಅಂತ ಒಂದು ಪೆಟ್ಟಿಗೆ ನೋಡಿರುತ್ತೀರಿ, ಅದು ಇವನಿಗೆ. ಇನ್ನೊಂದು ಕಡೆ, ನಮ್ಮ ಸರ್ಕಾರ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ಹೃದಯಜ್ಯೋತಿ ಯೋಜನೆ ಮಾಡಿದೆ. ತಾಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೂರದ ತಜ್ಞರಿಗೆ ಕಳಿಸಿ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಅದು ಪೈಪ್ ಕಟ್ಟಿಕೊಂಡವನಿಗೆ. ಬೇಗ ಹೋದಷ್ಟೂ ಲಾಭ. ಅಂದರೆ ಒಂದು ಕಾಯಿಲೆಯಲ್ಲಿ ಓಡಬೇಕು, ಇನ್ನೊಂದರಲ್ಲಿ ನಿಂತಲ್ಲೇ ಎದೆ ಒತ್ತಲು ಶುರು ಮಾಡಬೇಕು. ನಾವು ಟಿವಿಯವರು ಎರಡಕ್ಕೂ ಒಂದೇ ಹೆಸರು ಕೊಟ್ಟು, ಇಷ್ಟು ವರ್ಷ ಬಿದ್ದವನ ಸುತ್ತ ಜನ ಸುಮ್ಮನೆ ನಿಂತು ಗಾಳಿ ಹಾಕುವ ಹಾಗೆ ಮಾಡಿದ್ದೇವೆ ಅನ್ನೋದು ಡಾಕ್ಟರ ದೂರು. ಪೂರ್ತಿ ತಪ್ಪು ನಮ್ಮದೇ ಅಂತ ನಾನು ಒಪ್ಪಲ್ಲ. ಒಂದು ಪಾಲು ನಮ್ಮದು.

ಜನರದೂ ಒಂದು ಪಾಲು ಇದೆ. ಕನ್ನಡಿಗರ ಮನೆಮನೆಯ ಕಾಯಿಲೆ ಯಾವುದು? ಗ್ಯಾಸ್ಟ್ರಿಕ್. ಹೊಟ್ಟೆ ಉರಿ, ತಲೆನೋವು, ಬೆನ್ನುನೋವು, ನಿದ್ದೆ ಬರದಿರುವುದು, ಎಲ್ಲಕ್ಕೂ ‘ಗ್ಯಾಸ್ಟ್ರಿಕ್ ಇರಬೇಕು’. ಇದೂ ಬಿ.ಪಿ., ಶುಗರ್ ಥರದ ಮಾತೇ ಅಲ್ವಾ ಅಂತ ಮೇಷ್ಟರು ಕೇಳಬಹುದು. ಅಲ್ಲ ಮೇಷ್ಟ್ರೇ. ಶುಗರ್ ಅಂದಾಗ ಮನುಷ್ಯ ಡಾಕ್ಟರ ಹತ್ತಿರ ಹೋಗುತ್ತಾನೆ. ಗ್ಯಾಸ್ಟ್ರಿಕ್ ಅಂದಾಗ ಅಂಗಡಿಗೆ ಹೋಗಿ ಸೋಡಾ ಕುಡಿಯುತ್ತಾನೆ. ಎದೆ ಹಿಂಡುತ್ತಿರುವಾಗ, ಎಡತೋಳು ಜೋಮು ಹಿಡಿದಾಗ ‘ಗ್ಯಾಸ್ಟ್ರಿಕ್’ ಅಂದುಕೊಂಡು ಮಲಗಿದವರ ಕಥೆ ಕೇಳದ ಮನೆ ನಮ್ಮಲ್ಲಿ ಕಡಿಮೆ. ಆ ಪದ ಅವರಿಗೆ ಧೈರ್ಯ ಹೇಳಿತು. ಹೇಳಬಾರದ ಹೊತ್ತಿನಲ್ಲಿ ಹೇಳಿತು.

ಈಗ ಹಾಸನಕ್ಕೆ ಬರೋಣ. 2025ರ ಜೂನ್ ತಿಂಗಳು ನೆನಪು ಮಾಡಿಕೊಳ್ಳಿ. ಸುಮಾರು ನಲವತ್ತು ದಿನದಲ್ಲಿ ಜಿಲ್ಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಹೃದಯಾಘಾತಕ್ಕೆ ಬಲಿ ಅಂತ ಸುದ್ದಿ. ‘ಮತ್ತೊಂದು ಹೃದಯಾಘಾತ’, ‘ನಿಲ್ಲದ ಸರಣಿ’ ಅಂತ ಕೆಂಪು ಪಟ್ಟಿ, ಪಕ್ಕದಲ್ಲಿ ಕ್ರಿಕೆಟ್ ಸ್ಕೋರಿನಂತೆ ಏರುವ ಸಂಖ್ಯೆ. ನಾನೂ ಓದಿದ್ದೇನೆ, ಏರಿದ ದನಿಯಲ್ಲೇ ಓದಿದ್ದೇನೆ. ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಿನ ಜಾವದಿಂದ ಸರದಿ. ಆರೋಗ್ಯವಾಗಿದ್ದ ಹುಡುಗರು ಇಸಿಜಿಗೆ ನಿಂತರು, ನಿಜವಾಗಿ ಬೇಕಿದ್ದ ರೋಗಿಗಳು ಅವರ ಹಿಂದೆ ನಿಂತರು. ಲಸಿಕೆಯ ಮೇಲೆ ಅನುಮಾನ ಎದ್ದಿತು, ಅದು ರಾಜಕೀಯವೂ ಆಯಿತು.

ಸರ್ಕಾರ ಜಯದೇವದ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದಲ್ಲಿ ಸಮಿತಿ ಮಾಡಿತು. ಜುಲೈನಲ್ಲಿ ವರದಿ ಬಂತು. ಪರಿಶೀಲಿಸಿದ 24 ಸಾವುಗಳಲ್ಲಿ 4 ಹೃದಯಕ್ಕೆ ಸಂಬಂಧಪಟ್ಟವೇ ಅಲ್ಲ. ಒಂದು ಮೂತ್ರಪಿಂಡದ ಕಾಯಿಲೆ, ಒಂದು ರಸ್ತೆ ಅಪಘಾತ, ಒಂದು ವಾಂತಿಭೇದಿಯ ಥರದ್ದು, ಒಂದು ವಿದ್ಯುತ್ ತಗುಲಿದ ಶಂಕೆ. ಉಳಿದ 20ರಲ್ಲಿ ಅರ್ಧದಷ್ಟಕ್ಕೆ ಹೃದಯದ ಕಾಯಿಲೆಯೇ ಕಾರಣ ಅನ್ನೋದಕ್ಕೆ ಆಧಾರ ಸಿಕ್ಕಿತು. ಇನ್ನರ್ಧವನ್ನು ಸಮಿತಿ ‘ಸಂಭಾವ್ಯ’ ಅಂತ ಬರೆಯಿತು, ಖಚಿತವಾಗಿ ಹೇಳಲು ಆಧಾರ ಉಳಿದಿರಲಿಲ್ಲ. ಸಾವುಗಳು ಅಸಾಮಾನ್ಯವಾಗಿ ಏರಿಲ್ಲ, ಲಸಿಕೆಗೂ ಇದಕ್ಕೂ ನಂಟು ಕಾಣಲಿಲ್ಲ ಅಂತಲೂ ಹೇಳಿತು. ಹಠಾತ್ ಸಾವುಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕು, ಮರಣೋತ್ತರ ಪರೀಕ್ಷೆ ಆಗಬೇಕು ಎಂದು ಸರ್ಕಾರ ಪ್ರಕಟಿಸಿತು.

ಹಾಗಂತ ಹೃದಯದ ಕಾಯಿಲೆಯಿಂದ ಹಾಸನದಲ್ಲಿ ಯಾರೂ ಸಾಯಲಿಲ್ಲ ಅಂತ ತಿಳಿಯಬೇಡಿ. ಸತ್ತಿದ್ದಾರೆ, ಚಿಕ್ಕ ವಯಸ್ಸಿನವರೂ ಸತ್ತಿದ್ದಾರೆ. ನನ್ನನ್ನು ಚುಚ್ಚಿದ್ದು ಬೇರೆ. ಸಮಿತಿಯ ಡಾಕ್ಟರರು ದಾಖಲೆ ಎಲ್ಲ ಮುಂದಿಟ್ಟುಕೊಂಡೂ ‘ಸಂಭಾವ್ಯ’ ಅಂದರು. ನಮ್ಮ ಪರದೆಯ ಮೇಲೆ ಆ ಪದ ಒಂದು ದಿನವೂ ಕಾಣಿಸಲಿಲ್ಲ. ಕರೆಂಟು ಹೊಡೆದು ಹೋದ ಒಬ್ಬರನ್ನೂ, ರಸ್ತೆಯಲ್ಲಿ ಹೋದ ಒಬ್ಬರನ್ನೂ ಅದೇ ಎಣಿಕೆಗೆ ಸೇರಿಸಿಕೊಂಡು ನಾವು ಇಡೀ ರಾಜ್ಯವನ್ನು ಹೆದರಿಸಿದೆವು.

ಟಿವಿಯವರು ಹೀಗೇ ಬಿಡಿ, ಓದಿದವರು ಹಾಗಲ್ಲ ಅಂತೀರಾ? ಡಾಕ್ಟರ ಪತ್ರದ ಹಿಂಬದಿಯಲ್ಲಿ ಇನ್ನೊಂದು ವಿಷಯ ಇತ್ತು, ಅದು ಅವರ ಸ್ವಂತ ಜಾತಿಯವರ ಮೇಲೆ. ಆಸ್ಪತ್ರೆಯಲ್ಲಿ ಯಾರಾದರೂ ಸತ್ತರೆ ಕಾರಣದ ಪ್ರಮಾಣಪತ್ರ ಬರೆಯಬೇಕು. ಆ ಅರ್ಜಿಯಲ್ಲೇ ಸ್ಪಷ್ಟವಾಗಿ ಅಚ್ಚು ಮಾಡಿರುತ್ತಾರೆ: ಸಾವಿಗೆ ಕಾರಣವಾದ ಕಾಯಿಲೆ ಬರೆಯಿರಿ, ಹೃದಯ ವೈಫಲ್ಯದಂಥ ಸಾಯುವ ರೀತಿಯನ್ನು ಬರೆಯಬೇಡಿ ಅಂತ. ಆದರೂ ಎಷ್ಟೋ ಕಡೆ ಅದರಲ್ಲಿ ಕಾಣುವುದು ‘ಕಾರ್ಡಿಯೋ ರೆಸ್ಪಿರೇಟರಿ ಅರೆಸ್ಟ್’. ಅಂದರೆ ಏನು? ಹೃದಯ ನಿಂತಿತು, ಉಸಿರು ನಿಂತಿತು. ಅಯ್ಯೋ ಸ್ವಾಮಿ, ಡೆಂಗಿ ಬಂದರೂ, ಕ್ಯಾನ್ಸರ್ ಬಂದರೂ, ಹಾವು ಕಚ್ಚಿದರೂ ಕೊನೆಗೆ ಅದೇ ತಾನೇ ಆಗುವುದು! ಅದು ‘ಸತ್ತದ್ದರಿಂದ ಸತ್ತ’ ಅಂದ ಹಾಗೆ.

ಇದು ನಗುವ ವಿಷಯ ಮಾತ್ರ ಅಲ್ಲ. ಆ ಕಾಗದಗಳು ಒಂದೊಂದಾಗಿ ಸೇರಿಯೇ ದೇಶದಲ್ಲಿ ಜನ ಯಾತರಿಂದ ಸಾಯುತ್ತಿದ್ದಾರೆ ಅನ್ನೋ ಅಂಕಿಅಂಶ ಆಗುತ್ತದೆ. ಅದರ ಮೇಲೆ ಸಂಶೋಧನಾ ಪ್ರಬಂಧ ಬರುತ್ತದೆ, ಹಣ ಎಲ್ಲಿಗೆ ಅನ್ನೋದು ತೀರ್ಮಾನ ಆಗುತ್ತದೆ. ಇಂಥ ಅರ್ಥವಿಲ್ಲದ ಕಾರಣಗಳಿಗೆ ಸಾವಿನ ಲೆಕ್ಕ ಇಡುವ ಸಂಶೋಧಕರು ಇಟ್ಟಿರುವ ಹೆಸರೇ ‘ಗಾರ್ಬೇಜ್ ಕೋಡ್’. ಕಸ! ಒಬ್ಬ ಡಾಕ್ಟರು ರಾತ್ರಿ ಎರಡು ಗಂಟೆಗೆ ಸುಸ್ತಾಗಿ ಬರೆದ ಒಂದು ಸಡಿಲ ಪದ, ಹತ್ತು ವರ್ಷದ ಮೇಲೆ ಪ್ರಬಂಧವೊಂದರ ಕೋಷ್ಟಕದಲ್ಲಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಿಂತಿರುತ್ತದೆ. ಕಾಲೇಜಿನಲ್ಲಿ ಆಗುವ ಸಡಿಲತನ ನಮ್ಮದಕ್ಕಿಂತ ಅಪಾಯ ಅಂತ ನನಗೆ ಅನಿಸುವುದು ಇದಕ್ಕೇ. ಟಿವಿ ನೋಡುವವರು ನಮ್ಮನ್ನು ಅರ್ಧ ನಂಬುತ್ತಾರೆ. ಕೋಷ್ಟಕವನ್ನು ಪೂರ್ತಿ ನಂಬುತ್ತಾರೆ.

ಬೇರೆ ಪದಗಳಲ್ಲೂ ಹೀಗೇ. ಬೆಂಗಳೂರಿನಲ್ಲಿ ಒಂದು ಗಂಟೆ ಜೋರು ಮಳೆ ಬಂದರೆ ‘ಮೇಘಸ್ಫೋಟ’ ಅಂತೀವಿ. ಹವಾಮಾನ ಇಲಾಖೆಗೆ ಅದಕ್ಕೊಂದು ಅಳತೆ ಇದೆ: ಸುಮಾರು 20ರಿಂದ 30 ಚದರ ಕಿಲೋಮೀಟರ್ ಜಾಗದಲ್ಲಿ ಗಂಟೆಗೆ 10 ಸೆಂಟಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಮಳೆ ಸುರಿಯಬೇಕು. ಅಷ್ಟು ಸುರಿಯದೆಯೇ ಮೇಘಸ್ಫೋಟ ಅಂದುಬಿಟ್ಟರೆ ಯಾರಿಗೆ ಖುಷಿ ಹೇಳಿ? ರಾಜಕಾಲುವೆ ಒತ್ತುವರಿ ಮಾಡಿದವನಿಗೆ. ಒತ್ತುವರಿಗೆ ಕಣ್ಣುಮುಚ್ಚಿದ ಅಧಿಕಾರಿಗೆ. ತಪ್ಪೆಲ್ಲ ಆಕಾಶದ್ದಾಯಿತಲ್ಲ!

ಇನ್ನೊಂದು ಹೇಳಬೇಕು, ಹೇಳಲು ಕಷ್ಟ. ತುಂಬ ವರ್ಷದ ಹಿಂದೆ, ನಾನಿನ್ನೂ ಹೊಸಬ, ಒಂದು ಕೊಲೆ ಪ್ರಕರಣದ ಸುದ್ದಿ ಓದುವಾಗ ‘ಆರೋಪಿ’ ಅನ್ನಬೇಕಾದ ಕಡೆ ‘ಅಪರಾಧಿ’ ಅಂದೆ. ಒಂದು ಸಲ ಅಲ್ಲ, ಬುಲೆಟಿನ್ ಪೂರ್ತಿ. ನನಗೆ ಎರಡಕ್ಕೂ ಅಂಥ ವ್ಯತ್ಯಾಸ ಕಾಣಲಿಲ್ಲ, ‘ಅಪರಾಧಿ’ ಬಾಯಿಗೆ ಗಟ್ಟಿಯಾಗಿ ಕೂರುತ್ತಿತ್ತು ಅಷ್ಟೇ. ಆರೋಪಿ ಅಂದರೆ ಪೊಲೀಸರು ಬೆರಳು ತೋರಿಸಿದವನು. ಅಪರಾಧಿ ಅಂದರೆ ನ್ಯಾಯಾಲಯ ಹೌದು ಅಂದವನು. ನಾಲ್ಕು ವರ್ಷ ಆದ ಮೇಲೆ ಆ ಹುಡುಗ ಖುಲಾಸೆ ಆದ. ಅವನ ತಂದೆ ತೀರ್ಪಿನ ಪ್ರತಿಯನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಇಟ್ಟುಕೊಂಡು ನಮ್ಮ ಆಫೀಸಿನ ಗೇಟಿಗೆ ಬಂದರು. ಬೈಯಲಿಲ್ಲ. ‘ಅವತ್ತು ಎಷ್ಟು ಹೊತ್ತು ಹೇಳಿದ್ರೋ ಅಷ್ಟು ಹೊತ್ತು ಇದನ್ನೂ ಹೇಳಿ ಸಾರ್. ನಮ್ಮೂರಲ್ಲಿ ಎಲ್ಲರೂ ನಿಮ್ಮದೇ ನೋಡೋದು’ ಅಂದರು. ನಾವು ಹೇಳಲಿಲ್ಲ. ಕೆಳಗಿನ ಸ್ಕ್ರಾಲ್‌ನಲ್ಲಿ ಒಂದು ಸಾಲು ಓಡಿಸಿದೆವು.

ಆ ತಂದೆಯ ಮುಂದೆ ನಿಂತು ‘ಜನ ಬಳಸಿದ್ದೇ ಪದದ ಅರ್ಥ’ ಅಂತ ಹೇಳಲು ನನ್ನ ಕೈಲಿ ಆಗಲ್ಲ ಮೇಷ್ಟ್ರೇ. ‘ಕೆಲಸ’ ನಮ್ಮ ಮನೆಯಿಂದ ಅವರ ಮನೆಗೆ ಹೋದ ಪದ, ಅದನ್ನು ನಮಗಿಷ್ಟ ಬಂದಂತೆ ಆಡೋಣ. ‘ಅಪರಾಧಿ’ಯ ಹಿಂದೆ ಒಂದು ಕಟಕಟೆ ಇದೆ, ‘ಹೃದಯ ಸ್ತಂಭನ’ದ ಹಿಂದೆ ನೆಲದ ಮೇಲೆ ಬಿದ್ದಿರುವ ಒಬ್ಬ ಮನುಷ್ಯ ಇದ್ದಾನೆ. ಡಾಕ್ಟರಿಗೂ ಒಂದು ಮಾತು: ನೀವೂ ‘ಹಾರ್ಟ್ ಫೇಲ್ಯೂರ್’ ಅಂತ ಒಂದೇ ಉಸಿರಿಗೆ ಹೇಳಿ ಮುಂದಿನ ರೋಗಿಯ ಕಡೆ ತಿರುಗಬೇಡಿ. ‘ಹೃದಯ ಸೋತಿದೆ, ಮಾತ್ರೆಯಿಂದ ನಡೆಸಬಹುದು’ ಅಂತ ಇನ್ನೊಂದು ವಾಕ್ಯ ಹೇಳಿದ್ದರೆ ನಮ್ಮ ಅತ್ತೆ ಆ ಸಂಜೆ ಅಂಗಳದಲ್ಲಿ ಕೂರಬೇಕಿರಲಿಲ್ಲ.

ಈ ಎರಡು ಪತ್ರ ಬಂದ ಮೇಲೆ ನಮ್ಮ ಡೆಸ್ಕ್‌ನಲ್ಲಿ ಒಂದು ಚೀಟಿ ಅಂಟಿಸಿದ್ದೇವೆ. ಕಾರಣ ಗೊತ್ತಾಗುವ ತನಕ ‘ಹಠಾತ್ ನಿಧನ’ ಅಂತಷ್ಟೇ ಹಾಕಬೇಕು. ಮೊನ್ನೆ ರಾತ್ರಿ ಒಂದು ಸಾವಿನ ಸುದ್ದಿ ಬಂತು. ಟಿಕರ್ ಹುಡುಗ ಅಭ್ಯಾಸದಂತೆ ‘ಹೃದಯಾಘಾತ’ ಅಂತ ಟೈಪ್ ಮಾಡಿ, ಚೀಟಿ ನೋಡಿ, ಅಳಿಸಿದ. ಎರಡೇ ನಿಮಿಷಕ್ಕೆ ಮೇಲಿನಿಂದ ಫೋನ್: ‘ಬೇರೆ ಚಾನೆಲ್‌ನವರೆಲ್ಲ ಕಾರಣ ಹಾಕಿದ್ದಾರೆ, ನಮ್ಮದರಲ್ಲಿ ಮಾತ್ರ ಯಾಕಿಲ್ಲ?’

ಹುಡುಗ ನನ್ನ ಮುಖ ನೋಡಿದ. ನಾನು ಫೋನ್ ತಗೊಂಡೆ.

‘ಕಾರಣ ಇನ್ನೂ ಗೊತ್ತಾಗಿಲ್ಲ ಸಾರ್’ ಅಂದೆ.